ಗಾಜಿನ ಪೆಟ್ಟಿಗೆಯ ಪೂರ್ವಾಪರ

ಫೆಬ್ರವರಿ 3

ಅಕ್ಕಾ,

ಕೂತುಕೊಂಡು ಓದು. ಅದು ಸಿಕ್ಕಿತು.

ಯಾವುದು ಅಂತ ಕೇಳಬೇಡ. ನಮ್ಮಿಬ್ಬರ ನಡುವೆ 'ಅದು' ಅಂದರೆ ಒಂದೇ. ಇಪ್ಪತ್ತೆರಡು ವರ್ಷದ ಹಿಂದೆ ಹವಾಮಾನ ಕಚೇರಿಯ ಉಪಕರಣ ಕೋಣೆಯಿಂದ ಕಾಣೆಯಾದ ಬ್ಯಾರೋಗ್ರಾಫ್. ಅದನ್ನು ಕದ್ದವಳು ನಾನೇ ಅಂತ ತೀರ್ಮಾನಿಸಿ ನನ್ನನ್ನು ಕೆಲಸದಿಂದ ತೆಗೆದರಲ್ಲ, ಅದೇ.

ಅಂಗಡಿಗೆ ಹಳೇ ಹೊಲಿಗೆ ಯಂತ್ರಗಳ ಬಿಡಿಭಾಗ ಹುಡುಕುತ್ತಾ ಹುಡುಕುತ್ತಾ ನಾನು ಈ ಆನ್‌ಲೈನ್ ಹರಾಜಿನ ಚಟಕ್ಕೆ ಬಿದ್ದದ್ದು ನಿನಗೆ ಗೊತ್ತು. ಕೈಯಲ್ಲಿ ತಿರುಗಿಸುವ ಲೆಕ್ಕದ ಯಂತ್ರ, ಗೋಡೆಗೆ ತೂಗುಹಾಕುವ ಟೆಲಿಫೋನು, ಕನ್ನಡದ ಬೆರಳಚ್ಚು ಯಂತ್ರ, ಹೀಗೆ ಮನೆಯಲ್ಲಿ ಕಾಲಿಡಲು ಜಾಗವಿಲ್ಲ. ನಿನ್ನೆ ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಫೋನು ನೋಡುತ್ತಿದ್ದೆ. ಗಾಜಿನ ಪೆಟ್ಟಿಗೆ, ಒಳಗೆ ಹಿತ್ತಾಳೆಯ ಉರುಳೆ, ಉರುಳೆಗೆ ಸುತ್ತಿದ ಗೆರೆ ಕಾಗದ, ಗಾಳಿಯ ಒತ್ತಡ ಏರಿದಂತೆ ಇಳಿದಂತೆ ಅದರ ಮೇಲೆ ಗೀಚುವ ಉದ್ದನೆಯ ಮುಳ್ಳು. ಅಂಥವು ಲೋಕದಲ್ಲಿ ಎಷ್ಟೋ ಇವೆ. ಆದರೆ ಅದರ ಎಡಗಡೆಯ ಮೂರು ಸ್ಕ್ರೂಗಳಲ್ಲಿ ಎರಡು ಹಿತ್ತಾಳೆಯವು, ಒಂದು ಉಕ್ಕಿನದು. ಆ ಉಕ್ಕಿನದನ್ನು ಅಮ್ಮನ ಹೊಲಿಗೆ ಯಂತ್ರದಿಂದ ಕಿತ್ತು ಇದಕ್ಕೆ ಕೂರಿಸಿದವಳು ನಾನು. ಅಮ್ಮ ಬೈದದ್ದು ನಿನಗೂ ನೆನಪಿರಬೇಕು.

ಮಾರುವವರು ಯಾರು ಅಂತ ಹೆಸರಿರಲಿಲ್ಲ. ಚಿತ್ರವನ್ನು ದೊಡ್ಡದು ಮಾಡಿ ನೋಡಿದೆ. ಫೋಟೋ ತೆಗೆದವನ ನೆರಳು ಗಾಜಿನಲ್ಲಿ ಬಿದ್ದಿತ್ತು. ತಲೆ ಮೇಲೆ ಉಣ್ಣೆ ಟೋಪಿ.

ಬಿರುಬೇಸಿಗೆಯಲ್ಲೂ ಟೋಪಿ ತೆಗೆಯದ ಮನುಷ್ಯ ನಮ್ಮ ಕಚೇರಿಯಲ್ಲಿ ಒಬ್ಬನೇ ಇದ್ದದ್ದು. ಎಲ್ಲರೂ ಅವನನ್ನು ಟೋಪಿ ಎಂದೇ ಕರೆಯುತ್ತಿದ್ದೆವು. ಆರು ವರ್ಷ ನನ್ನ ಎದುರು ಕೂತು ಊಟ ಮಾಡಿದವನು. ವಿಚಾರಣೆಯ ದಿನ ಎದ್ದು ನಿಂತು, "ಅವತ್ತು ಸಂಜೆ ಇವರ ಚೀಲ ದಪ್ಪಗಿತ್ತು ಸಾರ್, ನಾನೇ ಕಣ್ಣಾರೆ ನೋಡ್ದೆ" ಅಂದವನು. ಆ ಚೀಲದಲ್ಲಿ ಇದ್ದದ್ದು ನಿನ್ನ ಮಗಳಿಗೆ ಅಂತ ಕೊಂಡ ದಿಂಬು.

ನಾನು ಹರಾಜು ಕೂಗುತ್ತಿದ್ದೇನೆ. ತಡೆಯಬೇಡ.

ನಿನ್ನ ತಂಗಿ

*

ಫೆಬ್ರವರಿ 14

ಪುಟ್ಟೀ,

ನಿನ್ನ ಪತ್ರ ಓದಿದೆ. ಬೇಡ ಕಣೇ. ಇಷ್ಟು ವರ್ಷವಾದ ಮೇಲೆ ಯಾಕೆ ಅದನ್ನೆಲ್ಲ ಕೆದಕುತ್ತೀಯ? ನಿನ್ನ ಅಂಗಡಿ ಇದೆ, ನಾಲ್ಕು ಜನ ಮರ್ಯಾದೆ ಕೊಡುತ್ತಾರೆ. ಯಾರೂ ಈಗ ಆ ಮಾತು ಎತ್ತುವುದಿಲ್ಲ. ನಮ್ಮ ಅತ್ತೆಗಂತೂ ನೆನಪೇ ನಿಲ್ಲುವುದಿಲ್ಲ, ಅವರ ಮನಸ್ಸಿನಲ್ಲಿ ಅದೆಲ್ಲ ಅಳಿಸಿಹೋಗಿದೆ.

ಸುಮ್ಮನಿದ್ದುಬಿಡು. ನನ್ನ ಮೇಲಾಣೆ ಅಂತ ಹೇಳುವುದಿಲ್ಲ, ಹೇಳಿದರೂ ನೀನು ಕೇಳುವವಳಲ್ಲ.

ಅಕ್ಕ

*

ಫೆಬ್ರವರಿ 27

ಮಾನ್ಯರೇ,

ತಮ್ಮ ಬ್ಯಾರೋಗ್ರಾಫನ್ನು ಹರಾಜಿನಲ್ಲಿ ಪಡೆದ 'ಮೇಷ್ಟ್ರು' ನಾನೇ. ವಯಸ್ಸಿನಿಂದ ಕೈ ನಡುಗುವ ಕಾರಣ ಬೆರಳಚ್ಚು ಮಾಡಿದ್ದೇನೆ, ಮನ್ನಿಸಬೇಕು.

ವಸ್ತುವಿನ ಜೊತೆಗೆ ಅದರ ಪೂರ್ವಾಪರವನ್ನೂ ಸಂಗ್ರಹಿಸುವುದು ನನ್ನ ಪದ್ಧತಿ. ಅದು ಎಲ್ಲಿತ್ತು, ಯಾರ ಕೈಯಿಂದ ಯಾರ ಕೈಗೆ ಬಂತು ಎಂಬುದನ್ನು ಹಿಂದಿನ ಮಾಲೀಕರಿಂದಲೇ, ಅವರ ಕೈಬರಹದಲ್ಲಿ, ಸಹಿ ಹಾಗೂ ದಿನಾಂಕದ ಸಮೇತ ಬರೆಸಿಕೊಂಡು, ಚೌಕಟ್ಟು ಹಾಕಿಸಿ ವಸ್ತುವಿನ ಪಕ್ಕದಲ್ಲಿ ತೂಗುಹಾಕುತ್ತೇನೆ. ಯಂತ್ರವನ್ನು ಕಳಿಸುವಾಗ ಅಂಥದೊಂದು ಪತ್ರವನ್ನೂ ದಯಮಾಡಿ ಕಳಿಸುವಿರಾ? ತಮ್ಮಂಥ ಅಭಿರುಚಿಯುಳ್ಳವರ ಅಕ್ಷರ ನನ್ನ ಗೋಡೆಯ ಮೇಲಿರಲಿ.

ತಮ್ಮ ವಿಶ್ವಾಸದ
ಮೇಷ್ಟ್ರು

*

ಮಾರ್ಚ್ 9

ಪೂಜ್ಯ ಮೇಷ್ಟ್ರಿಗೆ ನಮಸ್ಕಾರಗಳು.

ತಮ್ಮ ಪತ್ರ ನೋಡಿ ಮನಸ್ಸು ತುಂಬಿ ಬಂತು. ಈ ಕಾಲದಲ್ಲಿ ಪೂರ್ವಾಪರ ಕೇಳುವವರು ಯಾರಿದ್ದಾರೆ? ಸದರಿ ಯಂತ್ರವು ನನ್ನ ತಾತನವರದು. ಅವರು ಶೋಕಿ ಮನುಷ್ಯರು, ದೇಶ ಸುತ್ತಿದವರು. ಅವರಿಂದ ತಂದೆಗೆ, ತಂದೆಯಿಂದ ನನಗೆ ಬಂದದ್ದು. ಮನೆಯಲ್ಲಿ ಜಾಗ ಕಡಿಮೆಯಾದ್ದರಿಂದ ಒಲ್ಲದ ಮನಸ್ಸಿನಿಂದ ಕೊಡುತ್ತಿದ್ದೇನೆ.

ನಾನು ಇಲ್ಲಿನ ಹಳೆಯ ವಸ್ತು ಸಂಗ್ರಾಹಕರ ಸಂಘದ ಅಧ್ಯಕ್ಷನೂ ಹೌದು. ಆಗಸ್ಟಿನಲ್ಲಿ ನಮ್ಮ ದೊಡ್ಡ ಪ್ರದರ್ಶನವಿದೆ. ತಾವು ಬಂದರೆ ವೇದಿಕೆಯ ಮೇಲೆ ಕೂರಿಸುತ್ತೇವೆ.

ಇತಿ ತಮ್ಮವ

*

ಮಾರ್ಚ್ 16

ಮಾನ್ಯರೇ,

ತಾತನವರ ವಿಷಯ ಓದಿ ಸಂತೋಷ. ಆದರೆ ಒಂದು ಸಣ್ಣ ತೊಡಕು. ಚಿತ್ರದಲ್ಲಿ ಪೆಟ್ಟಿಗೆಯ ತಳದ ಫಲಕ ಕಾಣುತ್ತದೆ. ಅದರ ಮೇಲೆ ಕೊರೆದಿರುವುದು ಹವಾಮಾನ ಕಚೇರಿಗಳ ದಾಸ್ತಾನಿನ ಸಂಖ್ಯೆ. ತಾತನವರು ಅಲ್ಲಿ ಕೆಲಸದಲ್ಲಿದ್ದರೇ?

ಇದನ್ನು ಆಕ್ಷೇಪಣೆ ಎಂದು ತಿಳಿಯಬೇಡಿ. ಶೋಕಿಗೆ ಇಟ್ಟುಕೊಂಡ ಯಂತ್ರಕ್ಕಿಂತ, ನಿಜವಾದ ಬಿರುಗಾಳಿಗಳನ್ನು ಕಂಡು ಬರೆದಿಟ್ಟ ಯಂತ್ರ ನನ್ನ ಪಾಲಿಗೆ ಹೆಚ್ಚು. ಅಂಥದನ್ನು ಗುಜರಿಯ ಪಾಲಾಗದಂತೆ ಯಾರಾದರೂ ಧೈರ್ಯ ಮಾಡಿ ಉಳಿಸಿದ್ದರೆ ಅವರು ಸಾಮಾನ್ಯರಲ್ಲ. ಅಂಥವರ ಬಗ್ಗೆ ಸಂಗ್ರಾಹಕರ ಪತ್ರಿಕೆಯಲ್ಲಿ ಒಂದು ಲೇಖನ ಬರೆಯಬೇಕೆಂದು ಬಹಳ ದಿನದಿಂದ ಆಸೆ ಇಟ್ಟುಕೊಂಡಿದ್ದೇನೆ.

ಮೇಷ್ಟ್ರು

*

ಏಪ್ರಿಲ್ 2

ಪೂಜ್ಯ ಮೇಷ್ಟ್ರೇ,

ತಮ್ಮ ಕಣ್ಣಿಗೆ ಮಣ್ಣೆರಚಲು ಸಾಧ್ಯವಿಲ್ಲ! ತಾತನವರ ಕಥೆ ವಿನಯಕ್ಕಾಗಿ ಹೇಳಿದ್ದು, ಸ್ವಂತ ಪ್ರಶಂಸೆ ಮಾಡಿಕೊಳ್ಳುವುದು ನನ್ನ ಜಾಯಮಾನವಲ್ಲ. ತಾವೇ ಕೇಳಿದ ಮೇಲೆ ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ.

ನಾನು ಇಪ್ಪತ್ತೇಳು ವರ್ಷ ಹವಾಮಾನ ಕಚೇರಿಯಲ್ಲಿ ವೀಕ್ಷಕನಾಗಿದ್ದೆ. ಅಲ್ಲಿನ ಜನಕ್ಕೆ ಇಂಥ ವಸ್ತುವಿನ ಬೆಲೆ ಗೊತ್ತಿರಲಿಲ್ಲ. ಇಂದಲ್ಲ ನಾಳೆ ಹೊಸ ಯಂತ್ರ ಬಂದು ಇದು ಗುಜರಿಗೆ ಹೋಗುವುದಿತ್ತು. ಇಪ್ಪತ್ತೆರಡು ವರ್ಷದ ಹಿಂದೆ, ಒಂದು ಶುಕ್ರವಾರ ಸಂಜೆ, ಇದನ್ನು ನನ್ನ ಸ್ವೆಟರಿನಲ್ಲಿ ಸುತ್ತಿ, ಸ್ಕೂಟರಿನ ಮುಂದೆ ಕಾಲ ಬಳಿ ಇಟ್ಟು, ಮೇಲೆ ಮಳೆಯಂಗಿ ಹೊದಿಸಿ ಮನೆಗೆ ತಂದು ಉಳಿಸಿದೆ. ಕಚೇರಿಯಲ್ಲಿ ಸಣ್ಣ ಗಲಾಟೆಯಾಯಿತು, ಎರಡು ವಾರದಲ್ಲಿ ತಣ್ಣಗಾಯಿತು. ಅದನ್ನು ಲೇಖನದಲ್ಲಿ ಹಾಕುವ ಅಗತ್ಯವಿಲ್ಲ.

ಪೂರ್ತಿ ವಿವರವನ್ನು ಬೇರೆ ಹಾಳೆಯಲ್ಲಿ ಅಂದವಾಗಿ ಬರೆದು, ಸಹಿ ಮಾಡಿ ಯಂತ್ರದ ಜೊತೆ ಇಟ್ಟಿದ್ದೇನೆ. ಲೇಖನಕ್ಕೆ ನನ್ನ ಒಂದು ಭಾವಚಿತ್ರವೂ ಇದೆ.

ಇತಿ ತಮ್ಮವ

*

ಏಪ್ರಿಲ್ 20

ಅಕ್ಕಾ,

ಪೆಟ್ಟಿಗೆ ಬಂತು. ಜೊತೆಗೆ ಅವನ ಪತ್ರ. ಅದರ ನಕಲು ಕಳಿಸುತ್ತಿದ್ದೇನೆ. ಒಂದು ಸಾಲಿನ ಕೆಳಗೆ ಗೆರೆ ಎಳೆದಿದ್ದೇನೆ, ನೋಡು. "ಸಣ್ಣ ಗಲಾಟೆ."

ನಿನ್ನ ಮಗಳ ಮದುವೆಯಲ್ಲಿ ನಾನು ಒಡವೆ ಇಟ್ಟ ಕೋಣೆಗೆ ಬಾಚಣಿಗೆ ತರಲು ಹೋದಾಗ, ನಿಮ್ಮ ಅತ್ತೆ ಓಡಿ ಬಂದು ಬೀಗದ ಕೈಯನ್ನು ತಮ್ಮ ಪರ್ಸಿಗೆ ಹಾಕಿಕೊಂಡರಲ್ಲ, ಅದು ಸಣ್ಣ ಗಲಾಟೆ. ನನ್ನನ್ನು ನೋಡಲು ಬಂದಿದ್ದ ಗಂಡಿನ ಮನೆಯವರು ಕಾಫಿ ಲೋಟ ಅರ್ಧಕ್ಕೆ ಬಿಟ್ಟು ಎದ್ದದ್ದು ಸಣ್ಣ ಗಲಾಟೆ. ಐದು ವರ್ಷ ಯಾವ ಅಂಗಡಿಯವನೂ ನನ್ನನ್ನು ಗಲ್ಲಾ ಪೆಟ್ಟಿಗೆಯ ಹತ್ತಿರ ಕೂರಿಸಲಿಲ್ಲ, ಅದೂ.

ಮೊದಲು ನ್ಯಾಯವಾಗಿಯೇ ಹೋಗೋಣ ಅಂತ ಎಲ್ಲ ತೆಗೆದುಕೊಂಡು ಕಚೇರಿಗೆ ಹೋದೆ. ಹೊಸ ಕಟ್ಟಡ. ಈಗಿನ ಅಧಿಕಾರಿ ನನ್ನ ಕೆಲಸ ಹೋದಾಗ ಶಾಲೆಗೆ ಹೋಗುತ್ತಿದ್ದಿರಬೇಕು.

"ಹಳೇ ದಾಸ್ತಾನು ಪುಸ್ತಕ ಎಲ್ಲಾ ವಿಲೇವಾರಿ ಆಗಿದೆ ಅಮ್ಮಾ. ನಿಮ್ಮ ಕಡತಾನೂ ಇರಲ್ಲ."

"ಹಾಗಾದ್ರೆ ನಾನು ಕಳ್ಳಿ ಅಂತ ಬರೆದದ್ದೂ ಇಲ್ವಾ?"

"ಇಲ್ಲ ಅಮ್ಮಾ. ಏನೂ ಇಲ್ಲ."

"ಅಲ್ಲ ಅಂತ ಬರೆದುಕೊಡೋಕೆ ಆಗುತ್ತಾ?"

ಪಾಪ, ಒಳ್ಳೆಯ ಮನುಷ್ಯ. ಕುಡಿಯಲು ನೀರು ತರಿಸಿದ. "ಬರೆದೇ ಇಲ್ಲದ್ದನ್ನ ಹೇಗೆ ಅಳಿಸಲಿ, ಹೇಳಿ" ಅಂದ.

ಕಾಗದದಲ್ಲಿ ಅಳಿಸಿಹೋಗಿದೆ, ಜನರ ಬಾಯಲ್ಲಿ ಅಳಿಸಿಲ್ಲ. ಹಾಗಾಗಿ ಜನರಿಂದಲೇ ಶುರು ಮಾಡುತ್ತೇನೆ.

ಒಂದು ವಿಚಿತ್ರ. ಪೆಟ್ಟಿಗೆಯ ಗಾಜು ಕನ್ನಡಿಯ ಹಾಗೆ ಹೊಳೆಯುತ್ತಿದೆ. ಯಾರೋ ಶ್ರದ್ಧೆಯಿಂದ ಒರೆಸಿದ್ದಾರೆ. ಖಂಡಿತ ಟೋಪಿಯಲ್ಲ. ಅವನು ತನ್ನ ಲೋಟ ತೊಳೆದದ್ದನ್ನೂ ನಾನು ಕಂಡಿಲ್ಲ.

ನೀನು ಮಾರ್ಚಿನಲ್ಲಿ ಒಂದೂ ಪತ್ರ ಬರೆಯಲಿಲ್ಲ. ಹುಷಾರಾಗಿದ್ದೀಯ ತಾನೆ?

ನಿನ್ನ ತಂಗಿ

*

ಮೇ 1

ಟೋಪಿಯವರಿಗೆ,

ಈ ಸಲ ಬೆರಳಚ್ಚು ಇಲ್ಲ. ಆರು ವರ್ಷ ಪ್ರತಿ ಸೋಮವಾರ ಬೆಳಿಗ್ಗೆ ಉರುಳೆಯ ಕಾಗದ ಬದಲಿಸಿ, ಮೂಲೆಯಲ್ಲಿ ದಿನಾಂಕ ಬರೆದು ನಿಮ್ಮ ಕೈಗೆ ಕೊಡುತ್ತಿದ್ದವಳ ಅಕ್ಷರ ಇದು. ಗುರುತು ಸಿಕ್ಕಿರಬೇಕು.

ಮೇಷ್ಟ್ರು ಅಂತ ಯಾರೂ ಇಲ್ಲ. ಇಷ್ಟು ವರ್ಷ ನೀವು ನಮಗೆಲ್ಲ ಟೋಪಿ ಹಾಕಿದಿರಿ, ಒಂದು ಸಲ ನಾನು ನಿಮಗೆ ಹಾಕಿದೆ. ನಿಮ್ಮ ಸಹಿ ಇರುವ ಕಾಗದ ನನ್ನ ಕಬ್ಬಿಣದ ಪೆಟ್ಟಿಗೆಯಲ್ಲಿದೆ. ನಕಲುಗಳು ಮೂರು ಕಡೆ ಇವೆ.

ನನಗೆ ಬೇಕಾದದ್ದು ಇಷ್ಟು. ಇದರ ಹಿಂದೆ ಹದಿನೇಳು ಜನರ ಪಟ್ಟಿ ಇದೆ. ನಮ್ಮ ಜೊತೆ ಕೆಲಸ ಮಾಡಿದವರು, ನನ್ನ ನೆಂಟರು, ವಿಚಾರಣೆ ಮಾಡಿದ ಹಳೆಯ ಸಾಹೇಬರು. ಒಬ್ಬೊಬ್ಬರಿಗೂ ನಿಮ್ಮ ಕೈಯಾರೆ ಪತ್ರ ಬರೆಯಬೇಕು. ಕದ್ದವನು ನಾನು, ಅವಳಲ್ಲ, ಅಂತ. ಲಕೋಟೆ ಅಂಟಿಸದೆ ನನಗೆ ಕಳಿಸಿ, ಓದಿ ನಾನೇ ಅಂಚೆಗೆ ಹಾಕುತ್ತೇನೆ. ಆಗದು ಎಂದಾದರೆ ಆಗಸ್ಟಿನ ಪ್ರದರ್ಶನಕ್ಕೆ ಪೆಟ್ಟಿಗೆ ಹೊತ್ತುಕೊಂಡು ನಾನೇ ಬರುತ್ತೇನೆ. ವೇದಿಕೆಯ ಮೇಲೆ ಕೂರಿಸುತ್ತೇವೆ ಅಂದಿದ್ದೀರಲ್ಲ.

ಉಪಕರಣ ಕೋಣೆಯವಳು

*

ಮೇ 12

ತಂಗೀ,

ಹಾಗೆ ಕರೆಯುವ ಯೋಗ್ಯತೆ ನನಗಿಲ್ಲ, ಆದರೂ ಹಳೆಯ ಅಭ್ಯಾಸ. ನಿನ್ನ ಅಕ್ಷರ ನೋಡಿದೊಡನೆ ಗುರುತು ಸಿಕ್ಕಿತು.

ಒಂದು ವಾರ ಮನೆಯಲ್ಲಿಟ್ಟುಕೊಂಡು ಕಣ್ತುಂಬ ನೋಡಿ ವಾಪಸ್ ಇಡೋಣ ಅಂತಲೇ ತಂದೆ. ನನ್ನ ಮಾತು ನಂಬು. ಸೋಮವಾರ ಬೆಳಿಗ್ಗೆ ನೀನು ಕಾಗದ ಬದಲಿಸಲು ಹೋಗಿ ಕೂಗಿಕೊಂಡೆ. ಹುಡುಕಾಟ ಶುರುವಾಯಿತು. ಸಾಹೇಬರು ನನ್ನ ಕಡೆ ನೋಡಿದರು. ಬಾಯಿಂದ ನಿನ್ನ ಹೆಸರು ಬಂದುಬಿಟ್ಟಿತು. ನನಗೆ ಹೆಂಡತಿ, ಎರಡು ಮಕ್ಕಳು. ನೀನು ಒಬ್ಬಳೇ, ಹಿಂದೆ ಮುಂದೆ ಯಾರೂ ಇಲ್ಲ, ಕೆಲಸ ಹೋದರೂ ಹೇಗೋ ಬದುಕಿಕೊಳ್ಳುತ್ತೀಯ ಅಂತ ಆ ಕ್ಷಣಕ್ಕೆ ತೋರಿತು.

ನಿನ್ನ ಪಟ್ಟಿಯಲ್ಲಿ ನನ್ನ ಹೆಂಡತಿಯೂ ಇದ್ದಾಳೆ. ಉಳಿದ ಹದಿನಾರು ಬರೆಯುತ್ತೇನೆ. ಅದೊಂದು ಬಿಟ್ಟುಬಿಡು, ಕಾಲು ಹಿಡಿಯುತ್ತೇನೆ. ಅವಳಿಗೆ ಏನೂ ಗೊತ್ತಿಲ್ಲ. ಮೂರು ಪತ್ರ ಬರೆದು ಇದರ ಜೊತೆ ಇಟ್ಟಿದ್ದೇನೆ.

*

ಮೇ 19

ಟೋಪಿಯವರಿಗೆ,

ತಂಗಿ ಅನ್ನಬೇಡಿ. ನನಗೆ ಒಬ್ಬಳು ಅಕ್ಕ ಇದ್ದಾಳೆ, ಅಷ್ಟು ಸಾಕು.

ಮೂರೂ ಪತ್ರ ವಾಪಸ್ ಕಳಿಸಿದ್ದೇನೆ. ಮೊದಲನೆಯದರಲ್ಲಿ "ಯಂತ್ರ ಕಳುವಾಯಿತು" ಅಂದಿದ್ದೀರಿ. ಎರಡನೆಯದರಲ್ಲಿ "ತಪ್ಪು ನಡೆದುಹೋಯಿತು." ಮೂರನೆಯದರಲ್ಲಿ "ಅವರ ಮೇಲೆ ಅಪವಾದ ಬಂತು." ಯಾವುದೂ ತಾನಾಗಿ ಆಗಲಿಲ್ಲ, ನಡೆಯಲಿಲ್ಲ, ಬರಲಿಲ್ಲ. ನಾನು ಕದ್ದೆ. ನಾನು ಸುಳ್ಳು ಹೇಳಿದೆ. ಹಾಗೆ ಬರೆಯಿರಿ. ವಾಕ್ಯದ ಮೊದಲಿಗೆ ನಾನು ಅನ್ನುವ ಪದ ಇಲ್ಲದ ಪತ್ರ ಅಂಚೆಗೆ ಹೋಗುವುದಿಲ್ಲ.

ಮತ್ತೆ, ನಿಮ್ಮ ಹೆಂಡತಿಯ ಪತ್ರ ಮೊದಲು ಬರಲಿ. ನಾನು ಹೇಗೋ ಬದುಕಿಕೊಂಡೆ. ನೀವೂ ಹೇಗೋ ಬದುಕಿಕೊಳ್ಳುತ್ತೀರಿ.

*

ಜೂನ್ 8

ಅಮ್ಮಾ,

ನಾನು ಅವರ ಹೆಂಡತಿ. ನೀವು ಅಂಚೆಗೆ ಹಾಕಿದ ಪತ್ರ ಓದಿದೆ. ನನಗೆ ಉದ್ದ ಬರೆದು ಅಭ್ಯಾಸವಿಲ್ಲ.

ಆ ಪೆಟ್ಟಿಗೆ ನಮ್ಮ ಮನೆಗೆ ಬಂದ ಹೊಸತರಲ್ಲಿ, ಕಚೇರಿಯಲ್ಲಿ ಒಬ್ಬರು ಕೆಲಸ ಬಿಟ್ಟು ಹೋಗುತ್ತಿದ್ದಾರೆ, ಅವರು ಪ್ರೀತಿಯಿಂದ ಕೊಟ್ಟ ಉಡುಗೊರೆ ಎಂದು ಇವರು ಹೇಳಿದರು. ಅಂದಿನಿಂದ ಪ್ರತಿ ಶನಿವಾರ ಆ ಗಾಜನ್ನು ನಾನು ಒರೆಸಿದ್ದೇನೆ. ಎಂಥ ದೊಡ್ಡ ಮನಸ್ಸಿನ ಹೆಂಗಸು, ಒಂದು ದಿನ ಊಟಕ್ಕೆ ಕರೆಯೋಣ ಅಂತ ಎಷ್ಟೋ ಸಲ ಹೇಳಿದೆ. ಅವರು ದೂರ ಹೋಗಿಬಿಟ್ಟರು ಅನ್ನುತ್ತಿದ್ದರು.

ಉಳಿದ ಹದಿನಾರು ಪತ್ರದ ಚಿಂತೆ ನಿಮಗೆ ಬೇಡ. ನಾನು ಎದುರಿಗೆ ಕುರ್ಚಿ ಹಾಕಿಕೊಂಡು ಬರೆಸುತ್ತಿದ್ದೇನೆ. ದಿನಕ್ಕೆ ಒಂದು ಆಗದೆ ಊಟವಿಲ್ಲ.

*

ಜೂನ್ 25

ಅಕ್ಕಾ,

ನಿನ್ನೆ ನಡೆದದ್ದನ್ನು ಹೇಳದಿದ್ದರೆ ನನ್ನ ಹೊಟ್ಟೆ ಒಡೆಯುತ್ತದೆ. ಪೆಟ್ಟಿಗೆಯನ್ನು ಕಚೇರಿಗೆ ಅವನೇ ಹೊತ್ತು ತರಬೇಕು ಅಂದಿದ್ದೆ. ಹಾಡಹಗಲು ಹನ್ನೊಂದು ಗಂಟೆಗೆ, ಮುಂಬಾಗಿಲಿನಿಂದ. ನನ್ನ ಅಂಗಡಿಗೆ ಗಂಡಹೆಂಡತಿ ಇಬ್ಬರೂ ಬಂದರು. ಆಕೆ ಗಿಡ್ಡ ಹೆಂಗಸು, ಕಣ್ಣು ಕೆಂಪಗಿತ್ತು. ಅವನು ಪೆಟ್ಟಿಗೆ ಎತ್ತಿಕೊಂಡ. ಅದು ಭಾರ ಅಂತ ದಾರಿಯಲ್ಲಿ ಎರಡು ಸಲ ಕೆಳಗಿಡಲು ನೋಡಿದ. "ಸ್ಕೂಟರಲ್ಲಿ ತರೋವಾಗ ಹಗುರ ಇತ್ತಾ?" ಅಂದಳು ಆಕೆ.

ಆ ಎಳೆಯ ಅಧಿಕಾರಿ ಬಾಗಿಲಲ್ಲೇ ನಿಂತಿದ್ದ. ಸಿಬ್ಬಂದಿಯೆಲ್ಲ ಕೆಲಸ ಬಿಟ್ಟು ನೋಡುತ್ತಿದ್ದರು.

"ಏನು ಸಾರ್ ಇದು?"

"ಇದು... ಇಲ್ಲಿಂದ ಹೋಗಿತ್ತು" ಅಂದ ಟೋಪಿ.

"ಹೋಗಿತ್ತಾ? ಅದಕ್ಕೇನು ಕಾಲಿತ್ತಾ?" ಅಂದಳು ಅವನ ಹೆಂಡತಿ, ಇಡೀ ಕಚೇರಿಗೆ ಕೇಳುವ ಹಾಗೆ.

ಆಮೇಲೆ ಅವನು ಹೇಳಿದ. ನಾನು ಕದ್ದೆ, ಅಂದ. ಟೋಪಿಯನ್ನು ತೆಗೆದು ಕಂಕುಳಲ್ಲಿ ಇಟ್ಟುಕೊಂಡಿದ್ದ. ಬೋಳುತಲೆ ಬೆವರಿತ್ತು. ಅಧಿಕಾರಿ ಸ್ವೀಕೃತಿ ಪತ್ರ ಬರೆದು, ಮೊಹರು ಒತ್ತಿ ನನ್ನ ಕೈಗೆ ಕೊಟ್ಟ. "ಅವತ್ತು ಕೇಳಿದ್ರಲ್ಲ ಅಮ್ಮಾ, ಇದಾದ್ರೂ ಬರೆದುಕೊಡಬಹುದು" ಅಂದ.

ಮನಸ್ಸು ಕರಗಿತೇ ಅಂತ ಕೇಳುತ್ತೀಯ. ಇಲ್ಲ. ನಿಂತು ಪೂರ್ತಿ ನೋಡಿದೆ. ಇನ್ನೊಂದು ಸಲ ತೋರಿಸಿದರೆ ಇನ್ನೊಂದು ಸಲ ನೋಡುತ್ತಿದ್ದೆ.

ನಿನ್ನ ತಂಗಿ

*

ಜುಲೈ 4

ಅಮ್ಮನವರಿಗೆ,

ನಾನು ನಿಮ್ಮ ತಂಗಿಯ ಜೊತೆ ಹವಾಮಾನ ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದವನು. ಇಪ್ಪತ್ತೆರಡು ವರ್ಷದ ಹಿಂದೆ ಅಲ್ಲಿಂದ ಬ್ಯಾರೋಗ್ರಾಫನ್ನು ನಾನು ಕದ್ದೆ. ನಿಮ್ಮ ತಂಗಿ ಕದಿಯಲಿಲ್ಲ. ಅವರ ಚೀಲ ದಪ್ಪಗಿತ್ತು ಎಂದು ನಾನು ವಿಚಾರಣೆಯಲ್ಲಿ ಹೇಳಿದೆ. ಅದರಲ್ಲಿ ದಿಂಬು ಇತ್ತೆಂದು ನನಗೆ ಗೊತ್ತಿತ್ತು, ಮಧ್ಯಾಹ್ನ ಅವರೇ ತೋರಿಸಿದ್ದರು. ಗೊತ್ತಿದ್ದೂ ನಾನು ಸುಳ್ಳು ಹೇಳಿದೆ.

ನೀವು ಅವರನ್ನು ಎಂದಾದರೂ ಅನುಮಾನಿಸಿದ್ದರೆ, ಅದು ನನ್ನ ಸುಳ್ಳಿನಿಂದ.

*

ಜುಲೈ 15

ಪುಟ್ಟೀ,

ಅವನ ಪತ್ರ ಬಂತು. ಎಲ್ಲರಿಗೂ ಬರುವಾಗ ನನಗೂ ಬರುತ್ತದೆ ಅಂತ ನಾನು ಅಂದುಕೊಂಡಿರಲಿಲ್ಲ. ಕೊನೆಯ ಸಾಲು ನೀನು ಬರೆಸಿದ್ದೋ, ಅವನಾಗಿ ಬರೆದದ್ದೋ ಗೊತ್ತಿಲ್ಲ. ಫೆಬ್ರವರಿಯಿಂದ ನಿನ್ನ ಲಕೋಟೆ ಬಂದಾಗಲೆಲ್ಲ ಒಡೆಯಲು ಕೈ ನಡುಗುತ್ತಿತ್ತು. ಇನ್ನು ಹೇಳಿಬಿಡುತ್ತೇನೆ.

ನಿನ್ನ ಕೆಲಸ ಹೋದ ವಾರ ನಮ್ಮ ಮನೆಗೆ ಬಂದು ನಾಲ್ಕು ದಿನ ಇದ್ದೆಯಲ್ಲ. ಮೂರನೆಯ ದಿನ ನೀನು ಸ್ನಾನಕ್ಕೆ ಹೋದಾಗ ನಿನ್ನ ಬಟ್ಟೆ ಪೆಟ್ಟಿಗೆ ತೆಗೆದು ಹುಡುಕಿದೆ. ಅತ್ತೆ ಹೇಳಿದರು ಅಂತ ಬರೆಯಬಹುದು, ಆದರೆ ಅವರು ಹೇಳಲಿಲ್ಲ. ನಾನೇ ಹುಡುಕಿದೆ. ಏನೂ ಸಿಗಲಿಲ್ಲ. ಆಗ ನನಗೆ ಅನ್ನಿಸಿದ್ದು, ಎಲ್ಲೋ ಮಾರಿರಬೇಕು ಅಂತ.

ಮದುವೆಯ ದಿನ ಅತ್ತೆ ಬೀಗದ ಕೈ ಎತ್ತಿಕೊಂಡದ್ದನ್ನು ನಾನು ನೋಡಿದೆ. ನೋಡಿ ಹೂವಿನ ಬುಟ್ಟಿ ಎಣಿಸುವವಳ ಹಾಗೆ ಆ ಕಡೆ ತಿರುಗಿಕೊಂಡೆ.

ಏನು ಶಿಕ್ಷೆ ಕೊಡುತ್ತೀಯೋ ಕೊಡು.

ಅಕ್ಕ

*

ಜುಲೈ 22

ಅಕ್ಕಾ,

ಪೆಟ್ಟಿಗೆಯ ವಿಷಯ ನನಗೆ ಅವತ್ತೇ ಗೊತ್ತಾಗಿತ್ತು. ಸ್ನಾನ ಮುಗಿಸಿ ಬಂದು ಮುಚ್ಚಳ ತೆಗೆದರೆ ಬಟ್ಟೆಗಳೆಲ್ಲ ನಾಲ್ಕು ಮಡಿಕೆಯಾಗಿ, ಅಂಚಿಗೆ ಅಂಚು ಕೂಡಿಸಿ ಕೂತಿದ್ದವು. ನಾನು ಜೀವಮಾನದಲ್ಲಿ ಬಟ್ಟೆ ಮಡಿಸಿಟ್ಟವಳಲ್ಲ. ಕದ್ದು ನೋಡುವಾಗಲೂ ನಿನಗೆ ಮಡಿಸದೆ ಇರಲು ಆಗಲಿಲ್ಲ. ಮಾರನೆಯ ದಿನ ಬೆಳಿಗ್ಗೆ ಮೊದಲ ಬಸ್ಸು ಹಿಡಿದು ಹೊರಟೆ. ಯಾಕೆ ಇಷ್ಟು ಬೇಗ ಅಂತ ಕೇಳಿದೆ ನೀನು. ಕೆಲಸ ಹುಡುಕಬೇಕು ಅಂದೆ.

ಆ ಹದಿನೇಳು ಹೆಸರಿನ ಪಟ್ಟಿ ಮಾಡಿದಾಗ ನಾನು ಮೊದಲು ಬರೆದದ್ದು ಟೋಪಿಯ ಹೆಂಡತಿಯ ಹೆಸರಲ್ಲ, ನಿನ್ನದು. ಒಂದೊಂದು ಹೆಜ್ಜೆಯನ್ನೂ ನಿನಗೆ ಬರೆದು ತಿಳಿಸಿದ್ದು ಸಲಹೆ ಬೇಕಾಗಿ ಅಲ್ಲ. ಲಕೋಟೆ ಒಡೆಯುವಾಗ ನಿನ್ನ ಕೈ ನಡುಗಲಿ ಅಂತಲೇ. ನಡುಗಿತು ಅಂತ ನೀನೇ ಬರೆದಿದ್ದೀಯ. ಓದಿ ಸಂತೋಷವಾಯಿತು. ಸುಳ್ಳು ಯಾಕೆ ಹೇಳಲಿ, ಚೆನ್ನಾಗಿಯೇ ಆಯಿತು. ಮಧ್ಯಾಹ್ನದ ತನಕ ಇತ್ತು.

ಆಮೇಲೆ ಅಂಗಡಿಯಲ್ಲಿ ಒಬ್ಬರ ಯಂತ್ರಕ್ಕೆ ಎಣ್ಣೆ ಬಿಡುತ್ತಾ ಕೂತಿದ್ದಾಗ ಒಂದು ಹೊಳೆಯಿತು. ಟೋಪಿಯ ಮೇಲಿನ ಸಿಟ್ಟನ್ನು ಇಪ್ಪತ್ತೆರಡು ವರ್ಷ ಎಲ್ಲರ ಮುಂದೆ ಹೇಳಿಕೊಂಡು ತಿರುಗಿದೆ. ನಿನ್ನ ಮೇಲಿನದನ್ನು ಮಾತ್ರ ಯಾರ ಹತ್ತಿರವೂ ಹೇಳಲಿಲ್ಲ, ನಿನ್ನ ಹತ್ತಿರವೂ ಸಹ. ಅವನು ಹೊರಗಿನವನು, ಪಟ್ಟಿ ಮುಗಿಯಿತು, ಅವನ ದಾರಿ ಅವನಿಗೆ. ಕ್ಷಮಿಸು ಅಂತ ಇನ್ನೊಂದು ಪತ್ರ ಬರೆದಿದ್ದಾನೆ, ಉತ್ತರ ಕೊಟ್ಟಿಲ್ಲ, ಕೊಡುವುದೂ ಇಲ್ಲ. ನಿನ್ನನ್ನು ಹಾಗೆ ಬಿಡಲು ಬರುವುದಿಲ್ಲ.

ನಿನ್ನ ಮೇಲಿನ ಸಿಟ್ಟು ಇಳಿದಿಲ್ಲ ಅಕ್ಕಾ. ಇಳಿಯಲಿ ಅಂತ ಕಾಯುತ್ತಾ ಕೂರುವಷ್ಟು ವಯಸ್ಸು ನಮ್ಮಿಬ್ಬರಿಗೂ ಉಳಿದಿಲ್ಲ. ಈ ಭಾನುವಾರ ಬಾ. ಕಣ್ಣೀರು ಹಾಕಿಕೊಂಡು ಬರಬೇಡ, ಜಗಳಕ್ಕೆ ಬಾ. ಇಷ್ಟು ವರ್ಷದಲ್ಲಿ ಒಂದು ಸಲವೂ ನಾವು ಎದುರುಬದುರು ಕೂತು ಜಗಳ ಆಡಿಲ್ಲ.

ಬಸ್ ನಿಲ್ದಾಣಕ್ಕೆ ನಾನೇ ಬರುತ್ತೇನೆ.

ನಿನ್ನ ಪುಟ್ಟಿ